ಪಟ್ಟಾ ಯಾರದು, ಅಡಂಗಲ್ ಯಾರದು?

ವೆಳ್ಳಲೂರು ಎಂದರೆ ಇಂದಿನ ಕೊಯಮತ್ತೂರಿನವರಿಗೆ ಮೊದಲು ನೆನಪಾಗುವುದು ನಗರದ ಕಸವೆಲ್ಲ ಹೋಗಿ ಬೀಳುವ ಜಾಗ. ನೊಯ್ಯಲ್ ನದಿಯ ದಂಡೆಯ ಇದೇ ಊರಿನಲ್ಲಿ 1842ರಲ್ಲಿ ಐನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದವು. 1891ರಲ್ಲಿ ಸಿಕ್ಕಿದವು, 1931ರಲ್ಲಿ ಮತ್ತೆ ಸಿಕ್ಕಿದವು. ಅವುಗಳಲ್ಲಿ ಹೆಚ್ಚಿನವು ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಕಾಲದವು.

ಟೈಬೀರಿಯಸನ ಆ ನಾಣ್ಯ ನಮ್ಮ ಹಳೆಯ ನಾಲ್ಕಾಣೆಯಷ್ಟು ಅಗಲ. ತೂಕ ನಾಲ್ಕು ಗ್ರಾಂಗೆ ತುಸು ಕಡಿಮೆ. ಒಂದು ಮಗ್ಗುಲಲ್ಲಿ ಎಲೆಗಳ ಕಿರೀಟ ತೊಟ್ಟ ದೊರೆಯ ತಲೆ, ಇನ್ನೊಂದು ಮಗ್ಗುಲಲ್ಲಿ ಕೈಯಲ್ಲಿ ಕೊಂಬೆ ಹಿಡಿದು ಪೀಠದ ಮೇಲೆ ಕುಳಿತ ಹೆಂಗಸು. ಆ ಕಾಲದ ಕೂಲಿಯವನಿಗೆ ಒಂದು ದಿನದ ದುಡಿಮೆಗೆ ಸಿಗುತ್ತಿದ್ದ ಹಣ ಅದು. ಜೆರುಸಲೇಮಿನಲ್ಲಿ ಯೇಸುವಿನ ಮುಂದೆ ಒಂದು ನಾಣ್ಯ ಹಿಡಿದು, ರೋಮಿಗೆ ತೆರಿಗೆ ಕೊಡಬಹುದೇ ಎಂದು ಕೇಳಿದರಲ್ಲ, ಅದು ಇದೇ ಬಗೆಯದಿರಬೇಕು ಎನ್ನುವುದು ನಾಣ್ಯಶಾಸ್ತ್ರಜ್ಞರಲ್ಲಿ ಬಹಳ ಜನರ ಎಣಿಕೆ. ಟೈಬೀರಿಯಸ್ ತೀರಿಕೊಂಡದ್ದು ಕ್ರಿ.ಶ. 37ರಲ್ಲಿ. ಜೆರುಸಲೇಮಿನ ಗುಡ್ಡದ ಮೇಲೆ ಯೆಹೂದಿಗಳ ದೇವಾಲಯ ಆಗಿನ್ನೂ ಎದ್ದು ನಿಂತಿತ್ತು.

ಈ ಬೆಳ್ಳಿ ನಮ್ಮ ಕಡೆ ಬಂದದ್ದು ಪಾಲಕ್ಕಾಡಿನ ಕಣಿವೆ ದಾಟಿ, ವ್ಯಾಪಾರದ ದಾರಿಯಲ್ಲಿ. ಈಗಿನ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಬಳಿಯ ಪಡಿಯೂರಿನಲ್ಲಿ ಹಸಿರು-ನೀಲಿ ಬೆರಿಲ್ ಕಲ್ಲಿನ ಗಣಿಯಿತ್ತು. ನೊಯ್ಯಲ್ ದಂಡೆಯ ಕೊಡುಮಣಲಿನಲ್ಲಿ ಅಂಥ ಕಲ್ಲುಗಳನ್ನು ತಿಕ್ಕಿ ಮಣಿ ಮಾಡುತ್ತಿದ್ದರು. ಮಣಿ ಪಡುವಣದ ಬಂದರಿಗೆ ಇಳಿಯಿತು, ಬೆಳ್ಳಿ ಇತ್ತ ಏರಿತು. ಜೆರುಸಲೇಮಿನ ಜಗಳ ನಮಗೆ ಸಂಬಂಧವಿಲ್ಲದ ದೂರದ ಸುದ್ದಿ ಎಂದು ಯಾರಾದರೂ ಹೇಳಿದಾಗ ನನಗೆ ಈ ವೆಳ್ಳಲೂರಿನ ಬೆಳ್ಳಿ ನೆನಪಾಗುತ್ತದೆ.

ನಮ್ಮ ಮನೆಯ ಹಂಪೆ

ನಮ್ಮದು ಕೊಯಮತ್ತೂರಿನಲ್ಲಿ ನೆಲೆನಿಂತ ಕನ್ನಡ ದೇವಾಂಗರ ಮನೆ. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ಎಷ್ಟು ತಲೆಮಾರಿನ ಹಿಂದೆ ಬಂದೆವು ಎಂದು ಖಚಿತವಾಗಿ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ‘ನಮ್ಮ ಮೂಲ ಯಾವುದಜ್ಜಿ’ ಎಂದು ಕೇಳಿದರೆ ಅಜ್ಜಿ ತಡವರಿಸದೆ ‘ಹಂಪೆ’ ಎನ್ನುತ್ತಿದ್ದಳು. ಅವಳು ಹಂಪೆ ನೋಡಿದವಳಲ್ಲ. ವಿಜಯದಶಮಿಯ ದಿನ ರಾಜವೀದಿಯಲ್ಲಿ ನಮ್ಮವರು ಎದೆಗೆ, ತೋಳಿಗೆ ಅಲಗು ತಾಗಿಸಿಕೊಳ್ಳುತ್ತ ಕುಲದೇವಿ ಚೌಡಮ್ಮನನ್ನು ಕರೆತರುವಾಗ ಅವಳ ಕಣ್ಣು ತುಂಬಿ ಬರುತ್ತಿತ್ತು. ಹಂಪೆಯ ಹೇಮಕೂಟದ ಗಾಯತ್ರಿ ಪೀಠ ಇಂದಿಗೂ ದೇವಾಂಗರಿಗೆ ಗುರುಪೀಠ.

ಹೀಗಾಗಿ, ಕಾಣದ ಊರನ್ನು ನೂರಾರು ವರ್ಷ ಎದೆಯಲ್ಲಿಟ್ಟುಕೊಂಡು ಬಾಳುವುದೆಂದರೇನು ಎನ್ನುವುದು ನನಗೆ ಮನೆಯಲ್ಲೇ ತಿಳಿದ ಸಂಗತಿ. ಅಂಥ ನೆನಪು ಸುಳ್ಳೆಂದು ನನ್ನ ಬಾಯಲ್ಲಿ ಬರುವುದಿಲ್ಲ. ಅದರ ಜೊತೆಗೇ ಇನ್ನೊಂದು ಮಾತೂ ನಿಜ. ಹಂಪೆಯಲ್ಲಿ ಇಂದು ಉಳುತ್ತಿರುವ ರೈತನ ಮುಂದೆ ಹೋಗಿ ನಿಂತು ‘ಇದು ನಮ್ಮ ಮೂಲ, ಜಾಗ ಬಿಡು’ ಎನ್ನುವ ಹಕ್ಕು ನನ್ನ ಅಜ್ಜಿಯ ಕಣ್ಣೀರಿಗೆ ಇರಲಿಲ್ಲ. ಅವಳಿಗೂ ಅದು ಗೊತ್ತಿತ್ತು.

ತಮಿಳುನಾಡಿನ ಹಳ್ಳಿಗಳಲ್ಲಿ ನೆಲದ ಮಾತು ಬಂದರೆ ಮೂರು ಕಾಗದದ ಹೆಸರು ಬರುತ್ತದೆ: ಪಟ್ಟಾ, ಚಿಟ್ಟಾ, ಅಡಂಗಲ್. ನೆಲ ಯಾರ ಹೆಸರಿನಲ್ಲಿದೆ ಎನ್ನುವುದು ಪಟ್ಟಾ. ಅದು ನಂಜೆಯೋ ಪುಂಜೆಯೋ, ಎಂದರೆ ತರಿಯೋ ಖುಷ್ಕಿಯೋ, ಎಷ್ಟು ವಿಸ್ತೀರ್ಣ ಎನ್ನುವುದು ಚಿಟ್ಟಾ. ಈ ಫಸಲಿ ವರ್ಷ ಅಲ್ಲಿ ಯಾರು ಏನು ಬೆಳೆದಿದ್ದಾರೆ ಎನ್ನುವುದು ಅಡಂಗಲ್. ಕರ್ನಾಟಕದ ಪಹಣಿಯಲ್ಲಿ ಬೆಳೆ ಮತ್ತು ಸಾಗುವಳಿದಾರರ ಕಾಲಂ ಇದೆಯಲ್ಲ, ಹಾಗೆ. ಪಟ್ಟಾ ಹಳೆಯ ಕಥೆ ಹೇಳಿದರೆ ಅಡಂಗಲ್ ಇವತ್ತಿನ ಬದುಕು ಹೇಳುತ್ತದೆ. ಯೆಹೂದಿಗಳೂ ಮುಸ್ಲಿಮರೂ ತಮ್ಮದೆನ್ನುವ, ಜೆರುಸಲೇಮ್ ಇರುವ ಪವಿತ್ರ ನಾಡಿನ ವ್ಯಾಜ್ಯವನ್ನು ನಾನು ಅರ್ಥ ಮಾಡಿಕೊಂಡದ್ದು ಈ ಎರಡು ಕಾಗದಗಳ ಮೂಲಕ.

ಯೆಹೂದಿಗಳ ಪಟ್ಟಾ

ಯೆಹೂದಿಗಳ ಹಕ್ಕಿನ ಮೊದಲ ಸಾಲು ಆದಿಕಾಂಡದಲ್ಲಿದೆ. ಹಾರಾನಿನಿಂದ ಹೊರಟು ಕಾನಾನಿಗೆ ಬಂದ ಅಬ್ರಹಾಮನಿಗೆ ದೇವರು ಆ ನಾಡನ್ನು ಅವನ ಸಂತತಿಗೆ ಕೊಡುವುದಾಗಿ ಮಾತು ಕೊಡುತ್ತಾನೆ. ಆ ಮಾತು ಇಸಾಕನಿಗೆ, ಯಾಕೋಬನಿಗೆ ಮುಂದುವರಿಯುತ್ತದೆ. ಈಜಿಪ್ಟಿನ ದಾಸ್ಯದಿಂದ ಜನರನ್ನು ಬಿಡಿಸಿ ತಂದ ಮೋಶೆ ಆ ನಾಡಿನ ಅಂಚಿನವರೆಗೆ ಬಂದು, ಬೆಟ್ಟದ ಮೇಲಿಂದ ಕಣ್ತುಂಬ ನೋಡಿ, ಒಳಗೆ ಕಾಲಿಡದೆ ಸಾಯುತ್ತಾನೆ.

ಶಾಸ್ತ್ರದ ಹೊರಗೂ ಸಾಕ್ಷಿಯಿದೆ. ಕ್ರಿ.ಪೂ. 1208ರ ಸುಮಾರಿನ ಈಜಿಪ್ಟಿನ ಮೆರ್ನೆಪ್ತಾ ಶಾಸನದಲ್ಲಿ ಕಾನಾನಿನ ಜನರ ಪೈಕಿ ಇಸ್ರೇಲ್ ಎಂಬ ಹೆಸರಿದೆ. 1993ರಲ್ಲಿ ಟೆಲ್ ದಾನ್‌ನಲ್ಲಿ ಸಿಕ್ಕ ಕಲ್ಲಿನಲ್ಲಿ ದಾವೀದನ ಮನೆತನದ ಉಲ್ಲೇಖವಿದೆ. ಮೊದಲ ದೇವಾಲಯವನ್ನು ಬಾಬಿಲೋನಿನವರು ಕ್ರಿ.ಪೂ. 586ರಲ್ಲಿ ಸುಟ್ಟರು. ಪರ್ಷಿಯದ ಸೈರಸ್ ಮರಳಲು ಬಿಟ್ಟ ಮೇಲೆ ಎರಡನೆಯದು ಎದ್ದಿತು. ಅದನ್ನು ಕ್ರಿ.ಶ. 70ರಲ್ಲಿ ರೋಮನ್ನರು ನೆಲಸಮ ಮಾಡಿದರು. ದೇವಾಲಯದ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೊತ್ತೊಯ್ಯುವ ಚಿತ್ರ ರೋಮಿನ ಟೈಟಸ್ ಕಮಾನಿನಲ್ಲಿ ಇಂದಿಗೂ ಇದೆ. ಸುಮಾರು 135ರಲ್ಲಿ ಬಾರ್ ಕೊಖ್ಬಾ ದಂಗೆಯನ್ನು ತುಳಿದ ಹೇಡ್ರಿಯನ್ ಯೆಹೂದಿಗಳನ್ನು ಜೆರುಸಲೇಮಿನಿಂದ ಹೊರಹಾಕಿದ. ಯೂದಾಯವೆಂಬ ಪ್ರಾಂತದ ಹೆಸರು ಹೋಗಿ ಸಿರಿಯ ಪ್ಯಾಲೆಸ್ತೀನ ಎಂಬ ಹೆಸರು ಬಂತು.

ಅಲ್ಲಿಂದಾಚೆ ನೆನಪೇ ಅವರ ದೇಶ. ದಿನಕ್ಕೆ ಮೂರು ಸಲ ಜೆರುಸಲೇಮಿನ ಕಡೆ ಮುಖ ಮಾಡಿ ಪ್ರಾರ್ಥನೆ. ದೇವಾಲಯ ಬಿದ್ದ ದಿನ ಪ್ರತಿವರ್ಷ ಉಪವಾಸ, ನೆಲದ ಮೇಲೆ ಕುಳಿತು ಶೋಕ. ಮದುವೆಯ ಸಂಭ್ರಮದ ನಡುವೆಯೂ ಆ ದುಃಖದ ಗುರುತಿಗೆ ಒಂದು ಗಾಜಿನ ಲೋಟ ತುಳಿದು ಒಡೆಯುತ್ತಾರೆ. ನಾಡು ಯೆಹೂದಿಗಳಿಂದ ಪೂರ್ತಿ ಬರಿದಾಗಲೂ ಇಲ್ಲ. ಗಲಿಲಾಯದ ಊರುಗಳಲ್ಲಿ ಅವರು ಉಳಿದರು, ಓದಿದರು, ಬರೆದರು.

ಆದರೆ ಅದೇ ಶಾಸ್ತ್ರದ ಯಾಜಕಕಾಂಡದ 25ನೇ ಅಧ್ಯಾಯವನ್ನು ತೆರೆದರೆ ಈ ಪಟ್ಟಾದ ಷರತ್ತು ಕಾಣುತ್ತದೆ. ನೆಲವನ್ನು ಶಾಶ್ವತವಾಗಿ ಮಾರಕೂಡದು, ಅದು ದೇವರದು, ನೀವು ಅಲ್ಲಿ ಪರಸ್ಥಳದವರು, ತಂಗಿಹೋಗುವವರು ಎನ್ನುವುದು ಅಲ್ಲಿನ ತಾತ್ಪರ್ಯ. ನೀತಿ ತಪ್ಪಿದರೆ ನೆಲವೇ ನಿಮ್ಮನ್ನು ಕಾರಿಬಿಡುತ್ತದೆ ಎಂಬ ಎಚ್ಚರಿಕೆಯೂ ಅದೇ ಗ್ರಂಥದಲ್ಲಿದೆ. ಪ್ರವಾದಿಗಳು ತಮ್ಮ ಜನರನ್ನು ಬೈದದ್ದೆಲ್ಲ ಇದೇ ಷರತ್ತು ಹಿಡಿದು.

ಮುಸ್ಲಿಮರ ಪಟ್ಟಾ

ಇಸ್ಲಾಮಿಗೆ ಈ ನಾಡು ಆಮೇಲೆ ಸೇರಿಕೊಂಡ ಊರು ಎಂದು ತಿಳಿದವರಿದ್ದಾರೆ. ಅದು ತಪ್ಪು. ಪ್ರವಾದಿ ಮುಹಮ್ಮದರು ಮತ್ತು ಮೊದಲ ಮುಸ್ಲಿಮರು ನಮಾಜಿಗೆ ನಿಂತದ್ದು ಜೆರುಸಲೇಮಿನ ಕಡೆ ಮುಖ ಮಾಡಿ. 622ರಲ್ಲಿ ಮದೀನಕ್ಕೆ ಬಂದ ಸುಮಾರು ಹದಿನಾರು ತಿಂಗಳ ಮೇಲಷ್ಟೇ ಆ ದಿಕ್ಕು ಮಕ್ಕಾದ ಕಡೆ ತಿರುಗಿತು. ಕುರ್‌ಆನಿನ 17ನೇ ಅಧ್ಯಾಯ ಶುರುವಾಗುವುದೇ ಪ್ರವಾದಿಯನ್ನು ಒಂದು ರಾತ್ರಿ ಮಕ್ಕಾದ ಮಸೀದಿಯಿಂದ ದೂರದ ಮಸೀದಿಗೆ, ಅಲ್ ಅಕ್ಸಾಗೆ, ಕರೆದೊಯ್ದ ಸಂಗತಿಯಿಂದ. ಅದರ ಸುತ್ತಲ ನೆಲ ಹರಸಲ್ಪಟ್ಟದ್ದು ಎಂದು ಅಲ್ಲೇ ಹೇಳಿದೆ. ಇಬ್ರಾಹೀಮ್, ಮೂಸಾ, ದಾವೂದ್, ಸುಲೈಮಾನ್, ಈಸಾ, ಎಂದರೆ ಅಬ್ರಹಾಮ, ಮೋಶೆ, ದಾವೀದ, ಸೊಲೊಮೋನ, ಯೇಸು, ಎಲ್ಲರೂ ಮುಸ್ಲಿಮರಿಗೆ ತಮ್ಮ ಪ್ರವಾದಿಗಳೇ. ಮಕ್ಕಾ, ಮದೀನಗಳ ಮಸೀದಿಗಳ ಜೊತೆಗೆ ಯಾತ್ರೆಗೆ ಯೋಗ್ಯವಾದ ಮೂರನೆಯ ಮಸೀದಿ ಅಲ್ ಅಕ್ಸಾ.

637-38ರ ಸುಮಾರಿಗೆ ಖಲೀಫ ಉಮರ್ ಕೈಗೆ ಜೆರುಸಲೇಮ್ ಬಂತು. 691-92ರಲ್ಲಿ ಖಲೀಫ ಅಬ್ದ್ ಅಲ್ ಮಲಿಕ್ ಕಟ್ಟಿಸಿದ ಬಂಡೆಯ ಗುಮ್ಮಟ ಇಂದಿಗೂ ಆ ನಗರದ ನೆತ್ತಿಯಲ್ಲಿದೆ. ಶಿಲುಬೆಯ ಸೇನೆ 1099ರಲ್ಲಿ ನುಗ್ಗಿ ಮುಸ್ಲಿಮರನ್ನೂ ಯೆಹೂದಿಗಳನ್ನೂ ಕೊಂದಿತು. 1187ರಲ್ಲಿ ಸಲಾಹುದ್ದೀನ್ ನಗರವನ್ನು ಮರಳಿ ಪಡೆದ. ಆಮೇಲೆ ಮಾಮ್ಲೂಕರು, 1517ರಿಂದ ನಾನೂರು ವರ್ಷ ಆಟೊಮನ್ ತುರ್ಕರು. ಇಂದು ಕಾಣುವ ನಗರದ ಕೋಟೆಗೋಡೆ ಸುಲೈಮಾನ್ ಸುಲ್ತಾನ 1537-41ರಲ್ಲಿ ಕಟ್ಟಿಸಿದ್ದು. ಈ ಎಲ್ಲ ಕಾಲದಲ್ಲೂ ಆಲಿವ್ ತೋಟ ಮಾಡಿ, ಕುರಿ ಮೇಯಿಸಿ, ಸಾಬೂನು ಕಾಯಿಸಿ ಬದುಕಿದ ಅರಬ್ಬೀ ಮಾತಿನ ಮುಸ್ಲಿಮರು ಮತ್ತು ಕ್ರೈಸ್ತರು ಅಲ್ಲಿನ ಮಣ್ಣಿನ ಮಕ್ಕಳು.

ಈ ಪಟ್ಟಾದಲ್ಲೂ ಷರತ್ತಿದೆ. ಭೂಮಿಗೆ ವಾರಸುದಾರರಾಗುವವರು ಸಜ್ಜನರು ಎಂದು ಕುರ್‌ಆನಿನ 21ನೇ ಅಧ್ಯಾಯದಲ್ಲಿದೆ. ಮೂಸಾ ತನ್ನ ಜನರಿಗೆ ದೇವರು ವಿಧಿಸಿದ ಪವಿತ್ರ ನಾಡನ್ನು ಹೊಗಲು ಹೇಳಿದ ಸಂಗತಿಯೂ ಅದೇ ಕುರ್‌ಆನಿನ 5ನೇ ಅಧ್ಯಾಯದಲ್ಲಿದೆ. ಯೆಹೂದಿಗಳಿಗೂ ಆ ನೆಲಕ್ಕೂ ನಂಟೇ ಇಲ್ಲ ಎನ್ನುವವರು ತಮ್ಮ ಗ್ರಂಥವನ್ನೇ ಪೂರ್ತಿ ಓದಿಲ್ಲ.

ಉಮರ್ ಕುರಿತು ಅಲ್ಲಿನ ಕ್ರೈಸ್ತರು ಕಾಪಿಟ್ಟುಕೊಂಡು ಬಂದ ಒಂದು ಕಥೆ ನನಗೆ ಬಹಳ ಹಿಡಿಸುತ್ತದೆ. ಯೇಸುವಿನ ಸಮಾಧಿಯ ಇಗರ್ಜಿಯಲ್ಲಿದ್ದಾಗ ನಮಾಜಿನ ಹೊತ್ತಾಯಿತಂತೆ. ಇಲ್ಲೇ ಮಾಡಿ ಎಂದರಂತೆ ಧರ್ಮಗುರು ಸೊಫ್ರೋನಿಯಸ್. ಉಮರ್ ಒಪ್ಪದೆ ಹೊರಗೆ ಬಂದು ಮಾಡಿದರಂತೆ. ತಾನು ಒಳಗೆ ನಮಾಜು ಮಾಡಿದರೆ ಮುಂದೆ ತನ್ನವರು ಅದನ್ನೇ ಹಿಡಿದು ಇಗರ್ಜಿ ಕಿತ್ತುಕೊಂಡಾರು ಎನ್ನುವುದು ಅವರ ಅಂಜಿಕೆ. ಒಂದು ಹೊತ್ತಿನ ಪ್ರಾರ್ಥನೆ ನಾಳೆ ಪಟ್ಟಾ ಆಗಿಬಿಡಬಹುದು ಎಂಬ ಅರಿವು ಆ ದೊರೆಗಿತ್ತು. ರೋಮನ್ನರ ಕಾಲದಿಂದ ಮುಚ್ಚಿದ್ದ ನಗರದ ಬಾಗಿಲು ಯೆಹೂದಿ ಕುಟುಂಬಗಳಿಗೆ ಮತ್ತೆ ತೆರೆದದ್ದೂ ಅವರ ಕಾಲದಲ್ಲೇ ಎಂದು ಯೆಹೂದಿಗಳ ಹಳೆಯ ಕಾಗದವೊಂದು ಹೇಳುತ್ತದೆ.

ಹೆಬ್ರೋನಿನ ಒಂದು ಸಮಾಧಿ

ಇಡೀ ವ್ಯಾಜ್ಯವನ್ನು ಒಂದೇ ಕಟ್ಟಡದಲ್ಲಿ ನೋಡಬೇಕೆಂದರೆ ಹೆಬ್ರೋನಿಗೆ ಹೋಗಬೇಕು. ಆದಿಕಾಂಡದ 23ನೇ ಅಧ್ಯಾಯದಲ್ಲಿ ಒಂದು ಕ್ರಯವಿದೆ. ಹೆಂಡತಿ ಸಾರಾ ತೀರಿಕೊಂಡಾಗ ಅಬ್ರಹಾಮನಿಗೆ ಹೂಳಲು ಒಂದು ಗೇಣು ನೆಲವಿಲ್ಲ. ದೇವರು ನನಗೆ ಮಾತು ಕೊಟ್ಟಿದ್ದಾನೆ ಎಂದು ಅವನು ಅಲ್ಲಿ ವಾದಿಸುವುದಿಲ್ಲ. ಹಿತ್ತಿಯರ ಮುಂದೆ ತಲೆಬಾಗಿ ನಿಂತು, ತಾನು ಹೊರಗಿನವನೆಂದು ಹೇಳಿಕೊಂಡು, ಎಫ್ರೋನನೆಂಬವನಿಂದ ಮಕ್ಪೇಲದ ಗವಿಯನ್ನು 400 ಶೆಕೆಲ್ ಬೆಳ್ಳಿ ತೂಗಿ ಕೊಳ್ಳುತ್ತಾನೆ. ಊರಬಾಗಿಲಲ್ಲಿ, ಊರವರ ಸಾಕ್ಷಿಯಲ್ಲಿ. ಎರಡು ಅಧ್ಯಾಯ ಕಳೆದ ಮೇಲೆ ಅಬ್ರಹಾಮನೂ ಸಾಯುತ್ತಾನೆ. ಅವನನ್ನು ಅದೇ ಗವಿಯಲ್ಲಿ ಹೂಳುವವರು ಇಸಾಕ ಮತ್ತು ಇಷ್ಮಾಯೇಲ, ಇಬ್ಬರೂ ಕೂಡಿ. ಯೆಹೂದಿಗಳ ಮೂಲಪುರುಷನೂ ಅರಬರು ತಮ್ಮ ಮೂಲಪುರುಷನೆನ್ನುವವನೂ ಅಪ್ಪನ ಹೆಣಕ್ಕೆ ಒಟ್ಟಿಗೆ ಹೆಗಲು ಕೊಟ್ಟರು.

ಆ ಗವಿಯ ಮೇಲೆ ಹೆರೋದ ದೊರೆಯ ಕಾಲದ ದೈತ್ಯಗಲ್ಲುಗಳ ಗೋಡೆಯಿದೆ. ಒಳಗಿನ ಕಟ್ಟಡ ಯೆಹೂದಿಗಳಿಗೆ ಪಿತೃಗಳ ಗವಿ, ಮುಸ್ಲಿಮರಿಗೆ ಇಬ್ರಾಹೀಮಿ ಮಸೀದಿ. ಈ ಊರಿನಲ್ಲಿ 1929ರಲ್ಲಿ ಅರಬ್ ಗುಂಪುಗಳು 67 ಯೆಹೂದಿಗಳನ್ನು ಕೊಂದವು. ಹಲವರನ್ನು ಅರಬ್ ನೆರೆಯವರೇ ಮನೆಯೊಳಗೆ ಬಚ್ಚಿಟ್ಟು ಉಳಿಸಿದರು. 1994ರ ಫೆಬ್ರವರಿ 25ರಂದು ರಂಜಾನಿನ ಬೆಳಗಿನ ನಮಾಜಿನಲ್ಲಿದ್ದ 29 ಮುಸ್ಲಿಮರನ್ನು ಒಬ್ಬ ಯೆಹೂದಿ ವಲಸಿಗ ಗುಂಡಿಕ್ಕಿ ಕೊಂದ. ಆಮೇಲೆ ಕಟ್ಟಡವನ್ನು ಎರಡು ಭಾಗ ಮಾಡಿದರು. ವರ್ಷಕ್ಕೆ ಹತ್ತು ದಿನ ಪೂರ್ತಿ ಒಬ್ಬರಿಗೆ, ಹತ್ತು ದಿನ ಪೂರ್ತಿ ಇನ್ನೊಬ್ಬರಿಗೆ. ಉಳಿದ ದಿನ ಅವರವರ ಪಾಲಿನಲ್ಲಿ ಅವರವರು. ಅಬ್ರಹಾಮನ ಸಮಾಧಿಯ ಗುರುತು ನಡುವೆ ಇದೆ. ಆ ಕಡೆಯ ಕಿಂಡಿಯಿಂದಲೂ ಈ ಕಡೆಯ ಕಿಂಡಿಯಿಂದಲೂ ಅದೇ ಸಮಾಧಿ ಕಾಣುತ್ತದೆ. ನೋಡುವವರು ಮಾತ್ರ ಒಬ್ಬರನ್ನೊಬ್ಬರು ನೋಡುವುದಿಲ್ಲ.

ಮೈಸೂರಿನ ಕುದುರೆಗಳು, ಕೊಚ್ಚಿಯ ಯೆಹೂದಿಗಳು

ಈ ಕಥೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದವರು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳದವರು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳನ್ನು ಹಿಡಿಯಲು ಕಡಿದಾದ ಇಳಿಜಾರು ಹತ್ತಿದವರು ಮೈಸೂರು ಲ್ಯಾನ್ಸರ್ಸ್‌ನ ಸವಾರರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಅವರ ಸ್ಮಾರಕವಿದೆ. ಆ ಕುದುರೆಗಳು ಬೆಟ್ಟ ಹತ್ತುವ ಸುಮಾರು ಹನ್ನೊಂದು ತಿಂಗಳ ಹಿಂದೆಯೇ, 1917ರ ನವೆಂಬರ್ 2ರಂದು, ಬ್ರಿಟನ್ನಿನ ವಿದೇಶ ಮಂತ್ರಿ ಬಾಲ್ಫರ್ ಒಂದು ಕಾಗದ ಬರೆದು ಪ್ಯಾಲೆಸ್ತೀನಿನಲ್ಲಿ ಯೆಹೂದಿಗಳಿಗೆ ರಾಷ್ಟ್ರೀಯ ನೆಲೆ ಕಟ್ಟಲು ಬೆಂಬಲ ಸೂಚಿಸಿದ್ದ. ಅಲ್ಲಿ ಬಾಳುತ್ತಿದ್ದವರನ್ನು ಆ ಕಾಗದ ಬರೆಯುವ ಮುನ್ನ ಯಾರೂ ಕೇಳಲಿಲ್ಲ.

ನಮ್ಮ ಕೊಯಮತ್ತೂರಿನಿಂದ ಪಾಲಕ್ಕಾಡಿನ ಕಣಿವೆ ದಾಟಿದರೆ ಕೊಚ್ಚಿ. ದೇವಾಲಯ ಬಿದ್ದ ಮೇಲೆ ಹಡಗು ಹತ್ತಿ ಬಂದವರು ತಾವು ಎಂದು ಅಲ್ಲಿನ ಯೆಹೂದಿಗಳು ಹೇಳಿಕೊಳ್ಳುತ್ತಿದ್ದರು. ಸುಮಾರು ಸಾವಿರ ವರ್ಷದ ಹಿಂದೆ ಚೇರ ದೊರೆ ಜೋಸೆಫ್ ರಬ್ಬಾನ್‌ಗೆ ಕೊಟ್ಟ ತಾಮ್ರಪಟ ಅವರ ಕೈಲಿತ್ತು. 1568ರ ಮಟ್ಟಾಂಚೇರಿಯ ಸಿನಗಾಗ್ ಅರಮನೆಯ ದೇವಸ್ಥಾನಕ್ಕೆ ಒತ್ತಿಕೊಂಡೇ ಇದೆ. ಕೇರಳದಲ್ಲಿ ಮುಸ್ಲಿಮರು ಜೋನಕ ಮಾಪ್ಪಿಳರು, ಯೆಹೂದಿಗಳು ಜೂದ ಮಾಪ್ಪಿಳರು. ಇಬ್ಬರಿಗೂ ಒಂದೇ ಮರ್ಯಾದೆಯ ಹೆಸರು. 1950ರ ದಶಕದಲ್ಲಿ ಅವರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೊರಟರು. ನೆಗೆವ್ ಮರುಭೂಮಿಯ ನೆವತೀಮ್ ಅವರ ಹಳ್ಳಿ. ಅವರನ್ನು ಇಲ್ಲಿಂದ ಓಡಿಸಿದವರು ಯಾರೂ ಇರಲಿಲ್ಲ. ಎರಡು ಸಾವಿರ ವರ್ಷದ ನೆನಪು ಕರೆಯಿತು, ಹೋದರು.

ಅಡಂಗಲ್ ಹೇಳುವುದು

1922ರ ಜನಗಣತಿಯಲ್ಲಿ ಪ್ಯಾಲೆಸ್ತೀನಿನ ಜನಸಂಖ್ಯೆ ಸುಮಾರು ಏಳೂವರೆ ಲಕ್ಷ. ಅದರಲ್ಲಿ ಯೆಹೂದಿಗಳು ಸುಮಾರು 84 ಸಾವಿರ. ಮುಂದೆ ಯುರೋಪಿನಲ್ಲಿ ಹಿಟ್ಲರನ ಆಡಳಿತ 60 ಲಕ್ಷ ಯೆಹೂದಿಗಳನ್ನು ಕೊಂದಿತು. ಉಳಿದವರಿಗೆ ಬಾಗಿಲು ತೆರೆದ ದೇಶಗಳು ಕಡಿಮೆ. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ 33-13 ಮತಗಳಿಂದ ನಾಡನ್ನು ಪಾಲು ಮಾಡುವ ತೀರ್ಮಾನ ಮಾಡಿತು. ಆಗಷ್ಟೇ ವಿಭಜನೆಯ ರಕ್ತ ಕಂಡಿದ್ದ ಭಾರತ ವಿರುದ್ಧ ಮತ ಹಾಕಿತು. 1948ರ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ತೀನಿಯರು ಮನೆ ಬಿಟ್ಟರು. ಹಲವು ಕುಟುಂಬಗಳು ಆ ಮನೆಗಳ ಕಬ್ಬಿಣದ ಬೀಗದಕೈಗಳನ್ನು ಮೊಮ್ಮಕ್ಕಳಿಗೆ ಕೊಟ್ಟಿವೆ. ಮುಂದಿನ ಮೂರು ದಶಕಗಳಲ್ಲಿ ಅರಬ್ ದೇಶಗಳಿಂದ, ಇರಾನಿನಿಂದ ಸುಮಾರು ಎಂಟು ಲಕ್ಷ ಯೆಹೂದಿಗಳು ತಲೆಮಾರುಗಳ ಮನೆ ತೊರೆದರು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಜನ ಒತ್ತೆಯಾಳಾದರು. ಅದರ ಬೆನ್ನಿಗೆ ಗಾಜಾದಲ್ಲಿ ಇಸ್ರೇಲ್ ನಡೆಸಿದ ಯುದ್ಧದಲ್ಲಿ ಸತ್ತವರು 60 ಸಾವಿರ ದಾಟಿದರೆಂದು ಅಲ್ಲಿನ ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಿತು.

ಇಂದಿನ ಅಡಂಗಲ್ ಬರೆಯಲು ಕುಳಿತರೆ ಆ ನೆಲದಲ್ಲಿ ಇಬ್ಬರ ಹೆಸರೂ ಬರುತ್ತದೆ. ಅಲ್ಲೇ ಹುಟ್ಟಿ ಅಲ್ಲೇ ಬೆಳೆದ ಯೆಹೂದಿ ಮಗುವಿಗೆ ಹಿಂದಿರುಗಿ ಹೋಗಲು ಬೇರೆ ಊರಿಲ್ಲ. ಗಾಜಾದ ಮಗುವಿಗೂ ಇಲ್ಲ. ಪಟ್ಟಾ ಎರಡೂ ನಿಜ, ಎರಡೂ ಹಳೆಯವು, ಎರಡಕ್ಕೂ ಒಂದೇ ಷರತ್ತು: ನ್ಯಾಯವಾಗಿ ಬಾಳಿದರೆ ಮಾತ್ರ. ಶಾಸ್ತ್ರ ತೋರಿಸಿ ಒಬ್ಬನ ಮನೆ ಕೆಡವುವುದು, ಆಲಿವ್ ಮರ ಕಡಿಯುವುದು ತಪ್ಪು. ಶಾಸ್ತ್ರ ತೋರಿಸಿ ಮಕ್ಕಳನ್ನು, ಮುದುಕರನ್ನು ಕೊಲ್ಲುವುದು, ಒತ್ತೆ ಹಿಡಿಯುವುದು ತಪ್ಪು. ಇದನ್ನು ಹೇಳಲು ನನಗೆ ಎರಡು ತಕ್ಕಡಿ ಬೇಕಿಲ್ಲ.

ಕೋಟೈಮೇಡಿನ ಪಾಠ

ನಾನಿರುವ ಕೊಯಮತ್ತೂರು ಈ ಮಾತನ್ನು ನೋವುಂಡು ಕಲಿತದ್ದು. 1997ರ ನವೆಂಬರಿನಲ್ಲಿ ಒಬ್ಬ ಪೊಲೀಸ್ ಪೇದೆಯ ಕೊಲೆ, ಅದರ ಬೆನ್ನಿಗೆ ಗಲಭೆ, 18 ಮುಸ್ಲಿಮರ ಸಾವು. 1998ರ ಫೆಬ್ರವರಿ 14ರಂದು ಸಾಲು ಸಾಲು ಬಾಂಬುಗಳು, 58 ಜನರ ಸಾವು. ಆ ದಿನಗಳಲ್ಲಿ ಅಂಗಡಿ ಬೀದಿಗಳಲ್ಲಿ ನೆರೆಯವರು ಒಬ್ಬರ ಮುಖ ಒಬ್ಬರು ನೋಡದೆ ನಡೆದದ್ದನ್ನು ಕಂಡಿದ್ದೇನೆ. ನಂಬಿಕೆ ಮರಳಿ ಬರಲು ವರ್ಷಗಳು ಹಿಡಿದವು.

2022ರ ಅಕ್ಟೋಬರ್ 23ರ ನಸುಕಿನಲ್ಲಿ, ದೀಪಾವಳಿಯ ಹಿಂದಿನ ದಿನ, ಕೋಟೈಮೇಡಿನ ಸಂಗಮೇಶ್ವರರ್ ದೇವಸ್ಥಾನದ ಮುಂದೆ ಒಂದು ಕಾರು ಸಿಡಿಯಿತು. ಕಾರು ಓಡಿಸುತ್ತಿದ್ದವನೇ ಸತ್ತ. ಊರು ಮತ್ತೆ 1998ಕ್ಕೆ ಹೋಗುತ್ತದೆಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಹಾಗಾಗಲಿಲ್ಲ. ಕೆಲವೇ ದಿನಗಳಲ್ಲಿ ಮುಸ್ಲಿಂ ಜಮಾತುಗಳ ಹಿರಿಯರು ದೇವಸ್ಥಾನಕ್ಕೇ ನಡೆದುಹೋದರು. ಅರ್ಚಕರು ಬರಮಾಡಿಕೊಂಡರು. ಕೂತು ಮಾತಾಡಿದರು. ದೇವಸ್ಥಾನವೂ ಮಸೀದಿಯೂ ಒಂದೇ ಕೇರಿಯಲ್ಲಿ ಬಹುಕಾಲದಿಂದ ಇರುವ ಜಾಗ ಅದು. 1799ರವರೆಗೆ ಮೈಸೂರಿನವರ ಆಳ್ವಿಕೆಯಿದ್ದಾಗ ಅಲ್ಲಿ ಕೋಟೆಯಿತ್ತು. ಈಗ ಹೆಸರಿನಲ್ಲಿ ಮಾತ್ರ ಉಳಿದಿದೆ. ಕೋಟೆ ಹೋದ ಮೇಲೂ ಕೇರಿ ಉಳಿದದ್ದು ಅಲ್ಲಿ ಬದುಕುವವರಿಂದ.

ಈ ಬರಹ ಓದುತ್ತಿರುವವರಲ್ಲಿ ನನ್ನದೊಂದು ಬೇಡಿಕೆ. ಜೆರುಸಲೇಮ್ ಯಾರದು ಎಂಬ ಜಗಳ ನಿಮ್ಮ ಮೊಬೈಲಿಗೆ ಬಂದಾಗ, ಅದನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ ಯಾಜಕಕಾಂಡದ 25ನೇ ಅಧ್ಯಾಯವನ್ನೂ ಕುರ್‌ಆನಿನ 5ನೇ ಅಧ್ಯಾಯವನ್ನೂ ಒಮ್ಮೆ ತೆಗೆದು ಓದಿ. ಕನ್ನಡದಲ್ಲಿ ಎರಡೂ ಸಿಗುತ್ತವೆ. ಅಲ್ಲಿನ ಸಿಟ್ಟನ್ನು ನಿಮ್ಮ ಬೀದಿಯ ಯೂಸುಫನ ಅಂಗಡಿಯ ಮೇಲಾಗಲೀ, ಮುರುಗನ ಗುಡಿಯ ಮೇಲಾಗಲೀ ಇಳಿಸಬೇಡಿ. ನಿಮ್ಮ ಮೂಲದೂರಿನ ನೆನಪನ್ನು ಮಕ್ಕಳಿಗೆ ತಪ್ಪದೆ ಹೇಳಿ. ಆ ನೆಲದಲ್ಲಿ ಇವತ್ತು ಉಳುತ್ತಿರುವವನ ಹೆಸರನ್ನೂ ಅದರ ಜೊತೆಗೇ ಹೇಳಿಕೊಡಿ.